ಟೈಪ್ ವಾರ್ನಿಂಗ್‌ಗೆ ಕಾಸ್ಟ್ ಹಾಕುವ ಮೊದಲು

ಮಲ್ಪೆ ಬಂದರಿನ ಆಸುಪಾಸಿನಲ್ಲಿ ಮೀನಿಗೆ ಬೇಕಾದ ಐಸ್ ಪ್ಲಾಂಟ್‌ಗಳಿವೆ. ಅಂಥ ಪ್ಲಾಂಟ್‌ಗಳ ತಾಪಮಾನ ನೋಡಿಕೊಳ್ಳುವ ಬೋರ್ಡ್‌ಗಳಿಗೆ ನಾನು ಉಡುಪಿಯಲ್ಲಿ ಕೂತು ಸಿ ಕೋಡ್ ಬರೆಯುತ್ತೇನೆ. ಬೇರೆಯವರು ಬರೆದ ಹಳೆಯ ಕೋಡ್ ಕೈಗೆ ಬಂದರೆ ಮೊದಲು ಜಿಸಿಸಿಯ (ಸಿ ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್) ವಾರ್ನಿಂಗ್‌ಗಳನ್ನು ಆನ್ ಮಾಡುತ್ತೇನೆ. ‘ಡಬ್ಲ್ಯೂ-ಆಲ್’ (-Wall) ಎಂಬ ಆಯ್ಕೆಯ ಹೆಸರು ನಂಬಬೇಡಿ, ಅದರಲ್ಲಿ ಎಲ್ಲ ಇಲ್ಲ. ಸಿ ಕೋಡ್‌ನಲ್ಲಿ ಸೈನ್ಡ್ (ಮೈನಸ್ ಸಂಖ್ಯೆಯನ್ನೂ ಇಡಬಲ್ಲ), ಅನ್‌ಸೈನ್ಡ್ (ಮೈನಸ್ ಇಡಲಾಗದ) ಸಂಖ್ಯೆಗಳ ಹೋಲಿಕೆ ಹಿಡಿಯಲು ‘ಡಬ್ಲ್ಯೂ-ಎಕ್ಸ್‌ಟ್ರಾ’ ಬೇಕು. ಟೈಪ್, ಅಂದರೆ ಸಂಖ್ಯೆಯ ಬಗೆ ಮತ್ತು ಗಾತ್ರ, ಬದಲಾಗುವುದನ್ನು ಹಿಡಿಯಲು ‘ಡಬ್ಲ್ಯೂ-ಕನ್ವರ್ಷನ್’ ಬೇರೆಯೇ ಕೊಡಬೇಕು.

ಆಮೇಲೆ ಸ್ಕ್ರೀನ್ ತುಂಬ ಸಾಲುಗಳು. ನಾನು ಪ್ರತಿ ಸಾಲಿನಲ್ಲಿ ಎರಡು ಟೈಪ್‌ಗಳ ಹೆಸರು ಮಾತ್ರ ಹುಡುಕುತ್ತೇನೆ, ಅವು ಎಲ್ಲಿಂದ ಬಂದವು ಅಂತ ನೋಡುತ್ತೇನೆ. ಹೊಸಬರು ಜಾಸ್ತಿ ತಲೆಕೆಡಿಸಿಕೊಳ್ಳುವುದು ಇಲ್ಲಿ: 8 ಬಿಟ್‌ನ ಎರಡು ಅನ್‌ಸೈನ್ಡ್ ಸಂಖ್ಯೆ ಕೂಡಿಸಿ 8 ಬಿಟ್‌ನಲ್ಲೇ ಇಟ್ಟರೂ ‘ಇಂಟ್‌ನಿಂದ ಬದಲಾಗುತ್ತಿದೆ’ ಎಂದು ಜಿಸಿಸಿ ಗೊಣಗುತ್ತದೆ. ಇಂಟ್ ಅಂದರೆ ಸಿಯ ಮಾಮೂಲಿ ಪೂರ್ಣಾಂಕ ಟೈಪ್, ಅದು ಇಲ್ಲಿ ಎಲ್ಲಿತ್ತು? ಲೆಕ್ಕ ಮಾಡುವ ಮೊದಲು ಸಿ ಚಿಕ್ಕ ಟೈಪ್‌ಗಳನ್ನು ಇಂಟ್‌ಗೆ ಏರಿಸುತ್ತದೆ. 200ಕ್ಕೆ 100 ಸೇರಿದರೆ 300. 8 ಬಿಟ್‌ನಲ್ಲಿ ಹಿಡಿಸುವುದು 255ರವರೆಗೆ ಮಾತ್ರ, ಅದನ್ನು ಅಲ್ಲಿ ತುರುಕಿದರೆ 256 ಕಳೆದು ಉಳಿಯುವುದು 44. ಚೆಕ್‌ಸಮ್ (ಡೇಟಾ ಕೆಟ್ಟಿದೆಯೇ ಎಂದು ನೋಡುವ ಮೊತ್ತ) ಆದರೆ ಅದೇ ಬೇಕು, ಅಲ್ಲಿ ಕಾಸ್ಟ್ (ಟೈಪ್ ಬದಲಿಸು ಎಂದು ಕೋಡ್‌ನಲ್ಲೇ ಹೇಳುವುದು) ಹಾಕಿ ಒಂದು ಕಾಮೆಂಟ್ ಬರೆಯುತ್ತೇನೆ. ಸೆನ್ಸರ್ ಸರಾಸರಿ ಆದರೆ ವೇರಿಯಬಲ್ಲನ್ನೇ ದೊಡ್ಡದು ಮಾಡುತ್ತೇನೆ.

ಒಂದು ಕೋಡ್‌ನಲ್ಲಿ ತಾಪಮಾನ 16 ಬಿಟ್ ಸೈನ್ಡ್, ಅಲಾರಂ ಮಿತಿ 16 ಬಿಟ್ ಅನ್‌ಸೈನ್ಡ್ ಇತ್ತು. 32 ಬಿಟ್ ಎಆರ್‌ಎಂ ಚಿಪ್‌ನ ಬೋರ್ಡ್‌ನಲ್ಲಿ ಎರಡೂ 32 ಬಿಟ್ ಇಂಟ್‌ಗೆ ಏರುತ್ತವೆ, ಹೋಲಿಕೆ ಸರಿ, ವಾರ್ನಿಂಗೂ ಇಲ್ಲ. ಅದೇ ಸಾಲನ್ನು ಎವಿಆರ್ ಎಂಬ ಚಿಕ್ಕ 8 ಬಿಟ್ ಚಿಪ್‌ಗೆ ಕಂಪೈಲ್ ಮಾಡಿದಾಗ ವಾರ್ನಿಂಗ್ ಬಂತು. ಅಲ್ಲಿ ಇಂಟ್ ಅಂದರೇ 16 ಬಿಟ್. ಹಾಗಾಗಿ ತಾಪಮಾನವೇ ಅನ್‌ಸೈನ್ಡ್ ಆಗುತ್ತದೆ: ಉಪ್ಪುನೀರಿನ ಟ್ಯಾಂಕ್ ಮೈನಸ್ 8 ಡಿಗ್ರಿಯಲ್ಲಿದ್ದರೆ ಹೋಲಿಕೆಗೆ ಬರುವುದು 65528. ಮಿತಿ 2 ಡಿಗ್ರಿ. ಐಸ್ ಚೆನ್ನಾಗಿ ಕಟ್ಟುತ್ತಿರುವಾಗಲೇ ಅಲಾರಂ ಹೊಡೆಯುತ್ತದೆ! ತಾಪಮಾನಕ್ಕೆ ಅನ್‌ಸೈನ್ಡ್ ಕಾಸ್ಟ್ ಹಾಕಿದ್ದರೆ ವಾರ್ನಿಂಗ್ ಬಾಯಿ ಮುಚ್ಚುತ್ತಿತ್ತು, ಅಲಾರಂ ಮುಚ್ಚುತ್ತಿರಲಿಲ್ಲ. ಮಿತಿಯನ್ನು ಹಲವು ಫೈಲ್‌ಗಳು ಹಂಚಿಕೊಳ್ಳುವ ಹೆಡರ್ ಫೈಲ್‌ನಲ್ಲಿ ಸೈನ್ಡ್ ಮಾಡಿದೆ, ಅದನ್ನು ಬಳಸುವ ಕಡೆಗಳ ವಾರ್ನಿಂಗ್‌ಗಳೂ ಹೋದವು. ಅದಕ್ಕೇ ನಾನು ಡಿಕ್ಲರೇಷನ್‌ಗಳಿಂದ (ಟೈಪ್ ಘೋಷಿಸುವ ಸಾಲುಗಳಿಂದ) ಶುರುಮಾಡಿ, ಒಂದೊಂದು ತಿದ್ದಿದ ಮೇಲೂ ಮತ್ತೆ ಕಂಪೈಲ್ ಮಾಡುವುದು.

ಸಂಖ್ಯೆಗಳನ್ನು ಬರೆದು ತೋರಿಸುವ ಪ್ರಿಂಟ್‌ಎಫ್‌ನ ವಾರ್ನಿಂಗ್‌ಗಳನ್ನು ಕೊನೆಗೆ ನೋಡುತ್ತೇನೆ, ಆದರೆ ಬಿಡುವುದಿಲ್ಲ. ಇಂಟ್‌ಗೆ ಮೀಸಲಾದ ‘ಪರ್ಸೆಂಟ್ ಡಿ’ (%d) ಗುರುತಿಗೆ ಲಾಂಗ್ ಎಂಬ ಟೈಪ್ ಕೊಟ್ಟರೆ ಎಆರ್‌ಎಂ ಬೋರ್ಡ್‌ನಲ್ಲಿ ಸುಮ್ನೆ ಸರಿಯಾಗಿಯೇ ಕಾಣುತ್ತದೆ, ಅಲ್ಲಿ ಎರಡೂ 32 ಬಿಟ್. ಎವಿಆರ್‌ನಲ್ಲಿ ಲಾಂಗ್ ಇಂಟ್‌ನ ಎರಡರಷ್ಟು, ಅದರ ನಂತರದ ಸಂಖ್ಯೆಗಳೂ ಸಾಲು ತಪ್ಪಿ ಬರುತ್ತವೆ.