ಯೂತ್ ಜಸ್ಟಿಸ್ ಕೆಲಸಕ್ಕೆ ಸೇರುವ ಆಸ್ಟ್ರೇಲಿಯಾದ ಕನ್ನಡಿಗರಿಗೆ: ಅಬೊರಿಜಿನಲ್ ಮಕ್ಕಳ ನೆರವಿಗೆ ನಿಲ್ಲುವ ಬಗೆ

ಸೋಶಿಯಲ್ ವರ್ಕ್ ಅಥವಾ ಕಮ್ಯುನಿಟಿ ಸರ್ವಿಸಸ್ ಓದಲು ಮೆಲ್ಬರ್ನ್‌ಗೆ ಬರುವ ಕನ್ನಡಿಗರಲ್ಲಿ ಕೆಲವರು ಓದು ಮುಗಿಯುವ ಮೊದಲೇ ಪೊಲೀಸ್, ನ್ಯಾಯಾಲಯ, ಬಂಧನ ಕೇಂದ್ರಗಳ ನಡುವೆ ಸಿಕ್ಕಿಕೊಂಡ ಮಕ್ಕಳ ಸಪೋರ್ಟ್ ವರ್ಕರ್ ಆಗಿ ಕೆಲಸಕ್ಕೆ ಸೇರುತ್ತಾರೆ. ಮಕ್ಕಳೊಡನೆ ಕೆಲಸ ಮಾಡಲು ಬೇಕಾದ ಹಿನ್ನೆಲೆ ಪರಿಶೀಲನೆಯ ಅನುಮತಿ, ಅಂದರೆ ವರ್ಕಿಂಗ್ ವಿತ್ ಚಿಲ್ಡ್ರನ್ ಚೆಕ್, ಕೈಗೆ ಬಂದು ಎರಡು ದಿನದ ತರಬೇತಿ ಮುಗಿದರೆ ಕೆಲಸ ಶುರು. ಆದರೆ ಯಾವ ಇತಿಹಾಸದ ನಡುವೆ ತಾವು ನಿಲ್ಲಲಿದ್ದೇವೆ ಎಂಬುದನ್ನು ಅವರಿಗೆ ಯಾರೂ ಸಾವಧಾನವಾಗಿ ಹೇಳಿರುವುದಿಲ್ಲ. ಈ ದೇಶದ 10ರಿಂದ 17 ವರ್ಷದ ಮಕ್ಕಳಲ್ಲಿ ಇಲ್ಲಿನ ಮೂಲನಿವಾಸಿಗಳಾದ ಅಬೊರಿಜಿನಲ್ ಮತ್ತು ಟಾರೆಸ್ ಸ್ಟ್ರೇಟ್ ದ್ವೀಪವಾಸಿ ಮಕ್ಕಳು ನೂರಕ್ಕೆ ಸುಮಾರು ಆರು ಮಂದಿ. ಬಂಧನ ಕೇಂದ್ರಗಳಲ್ಲಿರುವ ಆ ವಯಸ್ಸಿನ ಮಕ್ಕಳಲ್ಲಿ ಅವರು ಅರ್ಧಕ್ಕಿಂತ ಹೆಚ್ಚು. ಈ ಬರಹ ಮುಖ್ಯವಾಗಿ ವಿಕ್ಟೋರಿಯಾ ರಾಜ್ಯದ ವ್ಯವಸ್ಥೆಯನ್ನು ಕುರಿತದ್ದು.

ನಿಮ್ಮ ಮುಂದೆ ಕೂರುವ ಹುಡುಗನಿಗೆ ‘ನೆರವು ನೀಡಲು ಬಂದಿದ್ದೇನೆ’ ಎಂಬ ಮಾತು ಹಿತವಾಗಿ ಕೇಳಿಸಬೇಕಾಗಿಲ್ಲ. ಸರಿಸುಮಾರು 1910ರಿಂದ 1970ರ ದಶಕದವರೆಗೆ ಸರ್ಕಾರ ಮತ್ತು ಚರ್ಚ್‌ಗಳ ಪರವಾಗಿ ಮನೆಗೆ ಬಂದವರು ಮಕ್ಕಳ ಒಳಿತಿನ ಹೆಸರಿನಲ್ಲೇ ಅವರನ್ನು ತಾಯಂದಿರಿಂದ ಕಿತ್ತು ಒಯ್ದರು. ಈ ಕುರಿತ ರಾಷ್ಟ್ರೀಯ ವಿಚಾರಣೆಯ ವರದಿ 1997ರಲ್ಲಿ ಬಂತು. 2008ರ ಫೆಬ್ರವರಿ 13ರಂದು ಪ್ರಧಾನಿ ಕೆವಿನ್ ರಡ್ ಸಂಸತ್ತಿನಲ್ಲಿ ಕ್ಷಮೆ ಕೇಳಿದರು. ಬಂಧನದಲ್ಲಿ ಸತ್ತ 99 ಅಬೊರಿಜಿನಲ್ ಜನರ ಪ್ರಕರಣಗಳನ್ನು ಪರಿಶೀಲಿಸಿ 1991ರಲ್ಲಿ 339 ಶಿಫಾರಸುಗಳನ್ನು ಕೊಟ್ಟ ರಾಯಲ್ ಕಮಿಷನ್ (ಸರ್ಕಾರ ನೇಮಿಸಿದ ಉನ್ನತ ವಿಚಾರಣಾ ಆಯೋಗ), ಆ 99 ಮಂದಿಯಲ್ಲಿ 43 ಮಂದಿ ಬಾಲ್ಯದಲ್ಲೇ ಕುಟುಂಬದಿಂದ ಬೇರ್ಪಡಿಸಲ್ಪಟ್ಟವರು ಎಂಬುದನ್ನು ದಾಖಲಿಸಿತು. ಹೀಗೆ ಒಯ್ಯಲ್ಪಟ್ಟವರು ಈ ಹುಡುಗನ ಅಜ್ಜಿಯೇ ಆಗಿರಬಹುದು. ಕುತ್ತಿಗೆಯಲ್ಲಿ ಗುರುತಿನ ಚೀಟಿ, ಕೈಯಲ್ಲಿ ಫೈಲ್ ಹಿಡಿದು ಬಾಗಿಲಲ್ಲಿ ನಿಂತ ನಿಮ್ಮನ್ನು ಆ ಮನೆಯವರು ಅನುಮಾನದಿಂದ ನೋಡಿದರೆ ಅದಕ್ಕೆ ತಕ್ಕ ಕಾರಣವಿದೆ.

ಕಲ್ಚರಲ್ ಸೇಫ್ಟಿ (ಸಾಂಸ್ಕೃತಿಕ ಸುರಕ್ಷತೆ) ಎಂಬ ಕಲ್ಪನೆಯನ್ನು ರೂಪಿಸಿದವರು ನ್ಯೂಜಿಲೆಂಡಿನ ಮಾವೊರಿ ದಾದಿ ಇರಿಹಾಪೆಟಿ ರಾಮ್ಸ್ಡೆನ್. ಸೇವೆ ಸುರಕ್ಷಿತವಾಗಿತ್ತೇ ಇಲ್ಲವೇ ಎಂದು ತೀರ್ಮಾನಿಸುವವರು ಸೇವೆ ಪಡೆದವರು, ಕೊಟ್ಟವರಲ್ಲ ಎಂಬುದು ಅದರ ತಿರುಳು. ನಮ್ಮ ಬಣ್ಣವೂ ಕಂದು, ನಾವೂ ಬ್ರಿಟಿಷರ ಆಳ್ವಿಕೆ ಕಂಡವರು, ಆದ್ದರಿಂದ ಈ ಮಕ್ಕಳಿಗೆ ನಾವು ಸಹಜವಾಗಿಯೇ ಹತ್ತಿರದವರು ಎಂದು ಭಾವಿಸುವುದು ತಪ್ಪು. ಅವರ ನೆಲದಲ್ಲಿ ನಾವು ವೀಸಾ ಪಡೆದು ನೆಲೆಸಿದವರು, ಅವರ ಮೇಲೆ ವರದಿ ಬರೆಯುವ ಅಧಿಕಾರವುಳ್ಳವರು. ಹುಟ್ಟಿನಿಂದಲೇ ಅಪರಾಧಿಗಳೆಂದು ಹಲವು ಅಲೆಮಾರಿ ಸಮುದಾಯಗಳಿಗೆ ಹಣೆಪಟ್ಟಿ ಹಚ್ಚಿದ 1871ರ ಕಾಯ್ದೆ ಭಾರತದಲ್ಲಿ 1952ರಲ್ಲಿ ರದ್ದಾದರೂ ಆ ಸಮುದಾಯಗಳ ಬಗೆಗಿನ ಸಂಶಯ ನಮ್ಮ ಊರುಗಳಲ್ಲಿ ಇನ್ನೂ ಅಳಿದಿಲ್ಲ; ಅದೇ ಸಂಶಯವನ್ನು ನಮಗೆ ತಿಳಿಯದಂತೆ ಇಲ್ಲಿಗೂ ಹೊತ್ತು ತಂದಿದ್ದೇವೆಯೇ ಎಂದು ಪ್ರತಿಯೊಬ್ಬರೂ ಕೇಳಿಕೊಳ್ಳಬೇಕು. ಮೈಬಣ್ಣ ನೋಡಿ ಯಾರು ಅಬೊರಿಜಿನಲ್ ಎಂದು ಊಹಿಸಲೂ ಹೋಗಬಾರದು. ಬಿಳಿ ಚರ್ಮದ, ನೀಲಿ ಕಣ್ಣಿನ ಅಬೊರಿಜಿನಲ್ ಮಕ್ಕಳು ಬಹಳ ಮಂದಿ ಇದ್ದಾರೆ. ‘ನೀನು ಅಬೊರಿಜಿನಲ್ ಸಮುದಾಯದವನೇ’ ಎಂಬ ಪ್ರಶ್ನೆಯನ್ನು ಎಲ್ಲರಿಗೂ ಒಂದೇ ರೀತಿ ಕೇಳಿ, ಬಂದ ಉತ್ತರವನ್ನು ಒಪ್ಪಿಕೊಳ್ಳಿ. ‘ನೋಡಿದರೆ ಹಾಗೆ ಕಾಣುವುದಿಲ್ಲವಲ್ಲ’ ಎಂಬ ಮಾತು ಎಂದಿಗೂ ಬೇಡ.

ಇನ್ನು ವ್ಯವಸ್ಥೆಯ ವಿಷಯ. ಮಗುವನ್ನು ಅಪರಾಧಕ್ಕೆ ಹೊಣೆ ಮಾಡಬಹುದಾದ ಕನಿಷ್ಠ ವಯಸ್ಸು ರಾಜ್ಯದಿಂದ ರಾಜ್ಯಕ್ಕೆ ಬೇರೆ, ಸರ್ಕಾರ ಬದಲಾದರೆ ಅದೂ ಬದಲಾಗಬಹುದು. ವಿಕ್ಟೋರಿಯಾ 2024ರ ಯೂತ್ ಜಸ್ಟಿಸ್ ಕಾಯ್ದೆಯ ಮೂಲಕ ಅದನ್ನು 10ರಿಂದ 12ಕ್ಕೆ ಏರಿಸಿತು. ನಾರ್ದರ್ನ್ ಟೆರಿಟರಿ 2023ರಲ್ಲಿ 12ಕ್ಕೆ ಏರಿಸಿ ಮರುವರ್ಷವೇ ಮತ್ತೆ 10ಕ್ಕೆ ಇಳಿಸಿತು. ಅಬೊರಿಜಿನಲ್ ವ್ಯಕ್ತಿಯನ್ನು ವಶಕ್ಕೆ ಪಡೆದಾಗ ವಿಕ್ಟೋರಿಯಾದ ಪೊಲೀಸರು ಅಬೊರಿಜಿನಲ್ ಜನರಿಗೆ ಕಾನೂನು ನೆರವು ನೀಡುವ, 1973ರಲ್ಲಿ ಸ್ಥಾಪನೆಯಾದ ವಿಕ್ಟೋರಿಯನ್ ಅಬೊರಿಜಿನಲ್ ಲೀಗಲ್ ಸರ್ವಿಸ್‌ಗೆ ತಿಳಿಸಬೇಕೆಂಬುದು ಕಾನೂನು. ಠಾಣೆಗೆ ನಿಮ್ಮನ್ನು ಕರೆದರೆ ಮೊದಲು ಈ ಕರೆ ಹೋಗಿದೆಯೇ ಎಂದು ವಿಚಾರಿಸಿ, ವಕೀಲರ ಜೊತೆ ಮಾತಾಡುವ ಮುನ್ನ ಹುಡುಗ ಹೇಳಿಕೆ ಕೊಡದಂತೆ ನೋಡಿಕೊಳ್ಳಿ. ‘ಏನಾಯಿತು ಹೇಳಪ್ಪ’ ಎಂದು ಪ್ರೀತಿಯಿಂದಲೂ ಕೇಳಬೇಡಿ, ಏಕೆಂದರೆ ವಕೀಲರಿಗೆ ಹೇಳಿದ ಮಾತಿಗೆ ಇರುವ ರಕ್ಷಣೆ ನಿಮಗೆ ಹೇಳಿದ ಮಾತಿಗೆ ಇಲ್ಲ, ನಿಮ್ಮ ಟಿಪ್ಪಣಿಗಳನ್ನು ನ್ಯಾಯಾಲಯ ತರಿಸಿಕೊಳ್ಳಬಹುದು.

2005ರಿಂದ ವಿಕ್ಟೋರಿಯಾದಲ್ಲಿ ಅಬೊರಿಜಿನಲ್ ಮಕ್ಕಳಿಗಾಗಿ ಚಿಲ್ಡ್ರನ್ಸ್ ಕೂರಿ ಕೋರ್ಟ್ ಇದೆ (ಕೂರಿ ಎಂದರೆ ಈ ಭಾಗದ ಅಬೊರಿಜಿನಲ್ ಜನ). ತಪ್ಪೊಪ್ಪಿಕೊಂಡ, ಇಲ್ಲವೇ ತಪ್ಪಿತಸ್ಥನೆಂದು ತೀರ್ಮಾನವಾದ ಹುಡುಗ ತಾನಾಗಿ ಒಪ್ಪಿದರೆ ಪ್ರಕರಣ ಅಲ್ಲಿಗೆ ಹೋಗುತ್ತದೆ. ಲೈಂಗಿಕ ಅಪರಾಧಗಳನ್ನು ಅಲ್ಲಿ ನಡೆಸುವುದಿಲ್ಲ. ಎತ್ತರದ ಪೀಠ ಬಿಟ್ಟು ಅಂಡಾಕಾರದ ಮೇಜಿನ ಸುತ್ತ ಮ್ಯಾಜಿಸ್ಟ್ರೇಟ್, ಹುಡುಗ, ಮನೆಯವರು, ವಕೀಲರು ಮತ್ತು ಸಮುದಾಯದ ಎಲ್ಡರ್‌ಗಳು, ಅಂದರೆ ಗೌರವಾನ್ವಿತ ಹಿರಿಯರು, ಕೂರುತ್ತಾರೆ. ಶಿಕ್ಷೆ ವಿಧಿಸುವವರು ಮ್ಯಾಜಿಸ್ಟ್ರೇಟರೇ, ಆದರೆ ತನ್ನ ಅಜ್ಜ–ಅಜ್ಜಿಯನ್ನು ಬಲ್ಲ ಹಿರಿಯರು ನೇರವಾಗಿ ಕೇಳುವ ಪ್ರಶ್ನೆಗೆ ಉತ್ತರಿಸುವುದು ಹುಡುಗನ ಪಾಲಿಗೆ ಹಗುರವಾದ ಕೆಲಸವಲ್ಲ. ಇದನ್ನು ರಿಯಾಯಿತಿ ಎಂದು ಕರೆಯುವವರು ಆ ಮೇಜಿನ ಮುಂದೆ ಕೂತವರಲ್ಲ.

ಮಾತಿನ ವಿಷಯದಲ್ಲಿ ಹೆಚ್ಚಿನ ಎಚ್ಚರ ಬೇಕು. ಅಧಿಕಾರದಲ್ಲಿರುವವರು ಒತ್ತಿ ಕೇಳಿದಾಗ ಪ್ರಶ್ನೆ ಅರ್ಥವಾಗದಿದ್ದರೂ ‘ಹೌದು’ ಎಂದುಬಿಡುವ, ಅಬೊರಿಜಿನಲ್ ಜನರಲ್ಲಿ ಕಂಡುಬರುವ ರೂಢಿಯನ್ನು ನಾರ್ದರ್ನ್ ಟೆರಿಟರಿಯ ಸುಪ್ರೀಂ ಕೋರ್ಟ್ 1976ರಲ್ಲೇ ಗುರುತಿಸಿ, ಪೊಲೀಸ್ ವಿಚಾರಣೆಗೆ ಅನುಂಗಾ ನಿಯಮಗಳನ್ನು ಹಾಕಿಕೊಟ್ಟಿತು. ಆದ್ದರಿಂದ ‘ಅರ್ಥವಾಯಿತಾ?’ ಎಂದು ಕೇಳುವ ಬದಲು ಜಾಮೀನಿನ ಷರತ್ತನ್ನು ಹುಡುಗನ ಮಾತಿನಲ್ಲೇ ಹೇಳಿಸಿ. ಕಣ್ಣು ತಪ್ಪಿಸುವುದು ಗೌರವದ ಸೂಚನೆಯಾಗಿರಬಹುದು, ಮೌನವು ಯೋಚನೆಯಾಗಿರಬಹುದು. ಬಾಲ್ಯದ ಕಿವಿ ಸೋಂಕಿನಿಂದ ಶ್ರವಣ ಕುಂದಿದ ಮಕ್ಕಳೂ ಬಹಳ ಇದ್ದಾರೆ. ಹಿಂದಿನಿಂದ ಕರೆದಾಗ ತಿರುಗದವನನ್ನು ಉದ್ಧಟನೆಂದು ಬಗೆಯುವ ಮೊದಲು ಅವನ ಕಿವಿಯ ತಪಾಸಣೆ ಆಗಿದೆಯೇ ಎಂದು ನೋಡಿ.

ನಮ್ಮ ಮನೆಗಳ ಅನುಭವ ನೇರವಾಗಿ ಉಪಯೋಗಕ್ಕೆ ಬರುವುದು ನೆಂಟಸ್ತಿಕೆಯ ವಿಷಯದಲ್ಲಿ. ಹಲವು ಅಬೊರಿಜಿನಲ್ ಸಮುದಾಯಗಳಲ್ಲಿ ತಾಯಿಯ ಅಕ್ಕತಂಗಿಯರೂ ತಾಯಂದಿರೇ, ನಮ್ಮ ದೊಡ್ಡಮ್ಮ ಚಿಕ್ಕಮ್ಮಂದಿರ ಹಾಗೆ; ಹಿರಿಯರನ್ನು ಆಂಟಿ, ಅಂಕಲ್ ಎಂದು ಗೌರವದಿಂದ ಕರೆಯುತ್ತಾರೆ. ವಾರದಲ್ಲಿ ಮೂರು ಮನೆಗಳಲ್ಲಿ ಮಲಗುವ ಹುಡುಗನನ್ನು ನೆಲೆಯಿಲ್ಲದವನು ಎಂದು ಬರೆದರೆ ಅವನ ಜಾಮೀನಿಗೇ ಕುತ್ತು ಬರಬಹುದು, ವಾಸ್ತವದಲ್ಲಿ ಅವನಿಗೆ ಮೂರು ನೆಲೆಗಳಿವೆ. ಬಂಧುವರ್ಗದಲ್ಲಿ ಸಾವಾದಾಗ ನಡೆಯುವ ‘ಸಾರಿ ಬಿಸಿನೆಸ್’ ಎಂಬ ಶೋಕಾಚರಣೆ ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಇರುತ್ತದೆ, ದೂರದ ಊರಿಗೆ ಹೋಗಲೇಬೇಕಾಗುತ್ತದೆ. ಆ ವಾರದ ಭೇಟಿಗೆ ಅವನು ಬಾರದಿದ್ದರೆ ಕೋರ್ಟ್ ಆದೇಶದ ಉಲ್ಲಂಘನೆ ಎಂದು ದಾಖಲಾಗಬಹುದು. ಸುದ್ದಿ ತಿಳಿದ ದಿನವೇ ಕೇಸ್ ಮ್ಯಾನೇಜರ್‌ಗೆ ಫೋನ್ ಮಾಡಿ ದಿನಾಂಕ ಬದಲಾಯಿಸುವಂತೆ ಕೇಳುವುದು ನಿಮ್ಮ ಕೆಲಸ. ತೀರಿಕೊಂಡವರ ಹೆಸರನ್ನು ಮನೆಯವರು ಎತ್ತುವವರೆಗೆ ನೀವು ಎತ್ತಬೇಡಿ.

ಬರೆಯುವಾಗಲೂ ಇದೇ ಜಾಗ್ರತೆ ಬೇಕು. ‘ಹುಡುಗ ಸಹಕರಿಸಲಿಲ್ಲ’ ಎಂಬ ಒಂದು ಸಾಲು ಫೈಲಿನಿಂದ ಫೈಲಿಗೆ ನಕಲಾಗುತ್ತ ವರ್ಷಗಳ ನಂತರವೂ ಅವನ ವಿರುದ್ಧ ಸಾಕ್ಷಿಯಾಗಿ ನಿಲ್ಲುತ್ತದೆ. ‘ಈ ವಾರ ಚಿಕ್ಕಜ್ಜ ತೀರಿಕೊಂಡಿದ್ದಾರೆ, ಹೆಚ್ಚು ಮಾತಾಡಲಿಲ್ಲ, ಅಂತ್ಯಕ್ರಿಯೆ ಮುಗಿದ ಮೇಲೆ ಸೋಮವಾರ ಬರುವುದಾಗಿ ತಾನೇ ಹೇಳಿದ’ ಎಂದು ಕಂಡದ್ದನ್ನು ಕಂಡಂತೆ ಬರೆಯಿರಿ. ಸಾಧ್ಯವಾದರೆ ಬರೆದದ್ದನ್ನು ಅವನಿಗೆ ಓದಿ ಹೇಳಿ.

ಅಬೊರಿಜಿನಲ್ ಸಮುದಾಯದವರೇ ನಡೆಸುವ ಸಂಸ್ಥೆಗಳು ಮತ್ತು ಕೂರಿ ಯೂತ್ ಜಸ್ಟಿಸ್ ವರ್ಕರ್‌ಗಳು ಇರುವಾಗ ಎಲ್ಲವನ್ನೂ ನೀವೇ ಮಾಡಲು ಹೊರಡಬೇಡಿ. ಅವರ ಜೊತೆ ಕೆಲಸ ಮಾಡುವ ಇಚ್ಛೆ ಇದೆಯೇ ಎಂದು ಮೊದಲ ಭೇಟಿಯಲ್ಲೇ ಹುಡುಗನನ್ನು ಕೇಳಿ. ಎಲ್ಲರಿಗೂ ಎಲ್ಲರ ಪರಿಚಯವಿರುವ ಊರಿನಲ್ಲಿ ಗುಟ್ಟು ಉಳಿಯದೆಂಬ ಅಂಜಿಕೆಯಿಂದ ಅವನು ಬೇಡವೆನ್ನಲೂಬಹುದು, ಅದೂ ಅವನ ಹಕ್ಕು. ಬೇಕೆಂದರೆ ಆ ವರ್ಕರ್ ಜೊತೆಗಿನ ಮೊದಲ ಭೇಟಿಗೆ ನೀವೇ ಅವನ ಜೊತೆ ಹೋಗಿ ಪರಿಚಯ ಮಾಡಿಸಿ ಬನ್ನಿ.