ನಾಯಿ ಇರುವ ಮನೆಗೆ ಬೆಕ್ಕಿನ ಮರಿ ತರುವುದು ಹೇಗೆ?

ಮಲೆನಾಡಿನ ಮನೆಗೆ ನಾಯಿಯೂ ಬೇಕು, ಬೆಕ್ಕೂ ಬೇಕು. ತೋಟಕ್ಕೆ ಮಂಗ ಬಂದರೆ ಓಡಿಸಲು ಒಂದು, ಅಟ್ಟದ ಇಲಿ ಹಿಡಿಯಲು ಇನ್ನೊಂದು. ಕಷ್ಟವಿರುವುದು ಮೊದಲ ಕೆಲವು ವಾರ ಮಾತ್ರ.

ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಗೆ ಮರಿ ತಂದ ದಿನ ನಾನು ಅವಸರ ಮಾಡಿದೆ. ಮರಿಯನ್ನು ಕೈಯಲ್ಲಿ ಹಿಡಿದು ನೇರ ನಮ್ಮ ನಾಯಿ ಕೆಂಚನ ಮೂತಿ ಹತ್ತಿರ ಒಯ್ದೆ. ಅವನು ಸುಮ್ನೆ ಮೂಸಿದ, ಅಷ್ಟೆ. ಮರಿ ನನ್ನ ಮುಂಗೈ ಪರಚಿ, ಅಟ್ಟದ ಏಣಿ ಹತ್ತಿ, ಅಡಿಕೆ ಚೀಲಗಳ ಸಂದಿಗೆ ನುಗ್ಗಿತು. ಎರಡು ದಿನ ಇಳಿಯಲೇ ಇಲ್ಲ. ಹಾಗಾಗಿ ಮೊದಲೇ ಹೇಳುತ್ತೇನೆ: ಎಷ್ಟು ಬೇಗ, ಎಷ್ಟು ಹತ್ತಿರ ಎನ್ನುವುದನ್ನು ಬೆಕ್ಕಿಗೇ ಬಿಡಿ.

ಸಾಧ್ಯವಾದರೆ ನಾಯಿ ಇರುವ ಮನೆಯಿಂದಲೇ ಮರಿ ತನ್ನಿ. ಹುಟ್ಟಿದ 2ರಿಂದ 7 ವಾರದೊಳಗೆ ನಾಯಿಯನ್ನು ಕಂಡು ಬೆಳೆದ ಮರಿ ಬೇಗ ಹೊಂದಿಕೊಳ್ಳುತ್ತದೆ. ಹಾಗಂತ 8 ವಾರ ತುಂಬುವ ಮೊದಲು ತಾಯಿಯಿಂದ ಬಿಡಿಸಬೇಡಿ.

ಮೊದಲ ನಾಲ್ಕೈದು ದಿನ ಮರಿಯನ್ನು ಒಂದು ಕೋಣೆಯಲ್ಲಿಟ್ಟು ಬಾಗಿಲು ಹಾಕಿ. ಮರಿಯ ಮಲಮೂತ್ರಕ್ಕೆ ಒಂದು ಹಳೇ ಟಬ್‌ನಲ್ಲಿ ಒಣ ಮರಳು ಇಡಿ. ಮರಿ ಮಲಗಿದ ಬಟ್ಟೆಯನ್ನು ನಾಯಿಯ ಹತ್ತಿರ, ನಾಯಿಯ ಗೋಣಿಯನ್ನು ಮರಿಯ ಹತ್ತಿರ ಹಾಕಿ. ವಾಸನೆ ಹಳೆಯದಾದ ಮೇಲೆ ಬಾಗಿಲಿನ ಆಚೆ ಈಚೆ ಇಬ್ಬರಿಗೂ ಊಟ ಹಾಕಿ.

ಮುಖ ತೋರಿಸುವ ದಿನ ನಾಯಿಯನ್ನು ಚೆನ್ನಾಗಿ ತಿರುಗಾಡಿಸಿ, ಸುಸ್ತು ಮಾಡಿಸಿ, ಸರಪಳಿ ಹಾಕಿ ಕೂರಿಸಿ. ಬೆಕ್ಕಿನಿಂದ ಕಣ್ಣು ತೆಗೆದು ನಿಮ್ಮನ್ನು ನೋಡಿದಾಗಲೆಲ್ಲ ಒಂದು ಚೂರು ದೋಸೆ ಕೊಡಿ. ಗದರಬೇಡಿ. ಗದರಿದರೆ ಬೆಕ್ಕು ಬಂದಾಗಲೆಲ್ಲ ಬೈಗುಳ ಎಂದು ನಾಯಿ ತಿಳಿದುಕೊಳ್ಳುತ್ತದೆ. ಬಾಲದ ಮೇಲೂ ಕಣ್ಣಿರಲಿ. ನಾಯಿ ಮೈ ಸಡಿಲ ಬಿಟ್ಟು ಬಾಲ ಆಡಿಸಿದರೆ ಖುಷಿ. ಬೆಕ್ಕು ಬಾಲ ಬಡಿಯುತ್ತಾ ಕಿವಿ ಹಿಂದಕ್ಕೆ ಮಡಚಿದರೆ ಸಿಟ್ಟು, ಆ ದಿನಕ್ಕೆ ಅಲ್ಲಿಗೇ ನಿಲ್ಲಿಸಿ. ದಿನಕ್ಕೆ ಐದು ನಿಮಿಷ ಸಾಕು.

ಬೆಕ್ಕಿಗೆ ಹತ್ತಿ ಕೂರಲು ಜಾಗ ಬೇಕೇ ಬೇಕು. ನಮ್ಮಲ್ಲಿ ಅಟ್ಟ, ನಾಗಂದಿಗೆ ಇರುವುದು ಒಳ್ಳೆಯದೇ ಆಯ್ತು. ಬೆಕ್ಕಿನ ತಟ್ಟೆಯನ್ನೂ ಅಲ್ಲೇ ಇಡಿ, ಕೆಳಗಿಟ್ಟರೆ ನಾಯಿ ನೆಕ್ಕಿ ಮುಗಿಸುತ್ತದೆ. ಬರೀ ಹಾಲನ್ನ ಬೆಕ್ಕಿಗೆ ಸಾಲದು. ಅದಕ್ಕೆ ಬೇಕಾದ ಟಾರಿನ್ ಎಂಬ ಪೋಷಕಾಂಶ ಸಿಗುವುದು ಮೀನು, ಮಾಂಸದಲ್ಲಿ. ಅದು ಕಡಿಮೆಯಾದರೆ ಕಣ್ಣು, ಹೃದಯ ಹಾಳಾಗುತ್ತವೆ.

ಇನ್ನೊಂದು ವಿಷಯ ದಯವಿಟ್ಟು ಮರೆಯಬೇಡಿ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಪತ್ತೆಯಾದ ಜಿಲ್ಲೆ ನಮ್ಮದು, ಅದು ಹರಡುವುದು ಉಣುಗಿನಿಂದ, ಹಾಗಾಗಿ ಉಣುಗು ಎಂದರೆ ಎಲ್ಲರಿಗೂ ಭಯ. ನಾಯಿಗೆ ಉಣುಗಿನ ಔಷಧ ಹಚ್ಚುತ್ತೇವೆ ಅಲ್ವಾ? ಅದರಲ್ಲಿ ಪರ್ಮೆಥ್ರಿನ್ ಇದ್ದರೆ ಬೆಕ್ಕಿಗೆ ವಿಷ. ಹಸಿ ಔಷಧವಿರುವ ನಾಯಿಗೆ ಮೈ ಉಜ್ಜಿದರೂ ಬೆಕ್ಕಿಗೆ ನಡುಕ, ಫಿಟ್ಸ್ ಬಂದು ಸಾಯಬಹುದು. ಔಷಧ ತರುವಾಗ ಮನೆಯಲ್ಲಿ ಬೆಕ್ಕೂ ಇದೆ ಎಂದು ಪಶುವೈದ್ಯರಿಗೆ ಹೇಳಿ. ಇಬ್ಬರಿಗೂ ರೇಬೀಸ್ ಲಸಿಕೆ ಹಾಕಿಸಿ.

ಕೆಂಚನಿಗೆ ಸರಿಯಾಗಿ 22 ದಿನ ಹಿಡಿಯಿತು. ಅಲ್ಲಿಯವರೆಗೂ ಇಬ್ಬರನ್ನೇ ಬಿಟ್ಟು ನಾವು ತೋಟಕ್ಕೆ ಹೋಗಲಿಲ್ಲ. ಕೆಲವು ನಾಯಿಗಳು ತಿಂಗಳಾದರೂ ಬೆಕ್ಕನ್ನು ಕಂಡರೆ ಮೈ ಸೆಟೆದು ನಿಲ್ಲುತ್ತವೆ, ಹೆಸರು ಹಿಡಿದು ಕರೆದರೂ ತಿರುಗುವುದಿಲ್ಲ. ಅಂಥ ಮನೆಯಲ್ಲಿ ನಾಯಿಗೆ ಜಗಲಿ, ಬೆಕ್ಕಿಗೆ ಒಳಮನೆ, ನಡುವಿನ ಬಾಗಿಲಿಗೆ ಚಿಲಕ.