ಪೇಟೆ ದಿನ ಮಲಗುವ ಕ್ವೆರಿ: ನನ್ನ ಅನುಭವ

ಬ್ಯಾಡಗಿ ಮೆಣಸಿನಕಾಯಿ ಪೇಟೆಯಲ್ಲಿ ಸೋಮವಾರ, ಗುರುವಾರ ವಹಿವಾಟು. ದಲಾಲಿ ಅಂಗಡಿಗಳ ಲೆಕ್ಕದ ಸಾಫ್ಟ್‌ವೇರನ್ನು ಹುಬ್ಬಳ್ಳಿಯಿಂದ ನೋಡಿಕೊಳ್ಳುವ ನನಗೆ ಫೋನ್ ಬರುವುದೂ ಆವತ್ತೇ: "ಸರ್, ಪಟ್ಟಿ ಬರವಲ್ದು ನೋಡ್ರಿ." ಪಟ್ಟಿ ಎಂದರೆ ರೈತನಿಗೆ ಕೊಡುವ ಮಾರಾಟದ ಲೆಕ್ಕದ ಚೀಟಿ. ಡೇಟಾಬೇಸ್ ಪೋಸ್ಟ್‌ಗ್ರೆಸ್; ಅದಕ್ಕೆ ಕೇಳುವ ಪ್ರಶ್ನೆಯೇ ಕ್ವೆರಿ.

ಫೋನ್ ಬಂತೆಂದು ಕೂಡಲೇ ಇಂಡೆಕ್ಸ್ (ಪುಸ್ತಕದ ಕೊನೆಯ ಪದಸೂಚಿಯಂತೆ ಸಾಲು ಬೇಗ ಹುಡುಕಲು ಇರುವ ಸೂಚಿ) ಹಾಕಲು ಹೋಗುವುದಿಲ್ಲ. ಕ್ವೆರಿಗಳು ತಿಂದ ಸಮಯವನ್ನು ದಾಖಲಿಸುವ ಪಿಜಿ ಸ್ಟ್ಯಾಟ್ ಸ್ಟೇಟ್‌ಮೆಂಟ್ಸ್ ತೆಗೆದು, ಒಟ್ಟಾರೆ ಯಾವ ಕ್ವೆರಿ ಹೆಚ್ಚು ಸಮಯ ತಿಂದಿದೆ ಎಂದು ನೋಡುತ್ತೇನೆ. ಅದರ ಮೇಲೆ ಎಕ್ಸ್‌ಪ್ಲೇನ್ ಅನಲೈಜ್ (ಕ್ವೆರಿ ಓಡುವ ಹಂತಗಳನ್ನು, ಅಂದರೆ ಪ್ಲ್ಯಾನನ್ನು, ಸಮಯ ಸಹಿತ ತೋರಿಸುವ ಆಜ್ಞೆ), ಎಷ್ಟು ಪುಟ ಓದಿತೆಂದು ತೋರಿಸುವ ಬಫರ್ಸ್ ಸಮೇತ. ಇದು ಕ್ವೆರಿಯನ್ನು ನಿಜವಾಗಿಯೇ ಓಡಿಸುತ್ತದೆ. ಡಿಲೀಟ್, ಅಪ್‌ಡೇಟ್ ಇದ್ದರೆ ಬಿಗಿನ್ ಹಾಕಿ ಕೊನೆಗೆ ರೋಲ್‌ಬ್ಯಾಕ್ ಮಾಡಿ ಬದಲಾವಣೆಯನ್ನು ರದ್ದುಪಡಿಸಲೇಬೇಕು. ಪ್ಲ್ಯಾನ್‌ನಲ್ಲಿ ಕಾಣುವ ಸಮಯ ಒಂದು ಲೂಪಿನ, ಅಂದರೆ ಆ ಹಂತ ಒಮ್ಮೆ ಓಡಿದ್ದರ, ಸರಾಸರಿ. 0.05 ಮಿಲಿಸೆಕೆಂಡ್ ಎಂದಿದ್ದು ಪಕ್ಕದಲ್ಲಿ ಲೂಪ್ಸ್ 40,000 ಇದ್ದರೆ ಅಲ್ಲಿಗೇ 2 ಸೆಕೆಂಡ್ ಹೋಯಿತು.

ಸಿಕ್ಕಿಬೀಳುವ ಕಳ್ಳ ಬಹುತೇಕ ಒಬ್ಬನೇ: "ಇವತ್ತಿನ ಲಾಟ್ ತೋರಿಸು" ಎನ್ನುವ ಕ್ವೆರಿ (ಲಾಟ್ ಎಂದರೆ ಮಾರಾಟಕ್ಕೆ ಒಟ್ಟಿಗೆ ಇಟ್ಟ ಮೆಣಸಿನಕಾಯಿ ರಾಶಿ). ನೋಂದಣಿ ಸಮಯದ ಕಾಲಮ್ಮನ್ನು, ಸಮಯದಿಂದ ದಿನಾಂಕ ಮಾತ್ರ ತೆಗೆಯುವ ಡೇಟ್ ಫಂಕ್ಷನ್ನಿನೊಳಗೆ ಹಾಕಿ '2025-03-10'ಕ್ಕೆ ಸಮ ಎಂದು ಬರೆದಿರುತ್ತಾರೆ. ಕಾಲಮ್ಮಿನ ಮೇಲಿರುವ ಇಂಡೆಕ್ಸ್ ಆ ಫಂಕ್ಷನ್ನಿನ ಫಲಿತಾಂಶಕ್ಕೆ ಉಪಯೋಗವಿಲ್ಲ, ಇಡೀ ಟೇಬಲ್ ಓದಬೇಕಾಗುತ್ತದೆ. ಇನ್ನೊಂದು ಪೆಟ್ಟು ಅಂದಾಜಿನದು. ಫಂಕ್ಷನ್ನಿಗೆ ಅಂಕಿಅಂಶ ಇಲ್ಲದ ಕಾರಣ, ಕ್ವೆರಿಯ ದಾರಿ ಆರಿಸುವ ಪ್ಲ್ಯಾನರ್ ಒಟ್ಟು ಸಾಲುಗಳಲ್ಲಿ ಶೇ 0.5 ಎಂದು ಹಿಡಿಯುತ್ತದೆ: 10 ಲಕ್ಷ ಸಾಲಿದ್ದರೆ 5,000. ಸೀಸನ್ನಿನ ಸೋಮವಾರಕ್ಕೂ ಅದೇ, ಆಷಾಢದ ಮಂಗಳವಾರಕ್ಕೂ ಅದೇ. ಅಂದಾಜು ಕೆಟ್ಟರೆ ಮುಂದಿನ ಜಾಯಿನ್ (ಎರಡು ಟೇಬಲ್ ಜೋಡಿಸುವುದು) ಕೂಡ ಕೆಡುತ್ತದೆ.

ಫಂಕ್ಷನ್ನಿಗೇ ಇಂಡೆಕ್ಸ್ ಹಾಕಿದರಾಯಿತಲ್ಲ ಎನ್ನಬಹುದು. ಟೈಮ್‌ಝೋನ್ ಸಹಿತದ ಕಾಲಮ್ಮಾದರೆ ಇಮ್ಯೂಟಬಲ್ (ಯಾವಾಗಲೂ ಒಂದೇ ಉತ್ತರ ಕೊಡುವಂಥದ್ದು) ಅಲ್ಲ ಎಂದು ಪೋಸ್ಟ್‌ಗ್ರೆಸ್ ಎರರ್ ಕೊಡುತ್ತದೆ, ಕೊಡುವುದೂ ಸರಿಯೇ: ಟೈಮ್‌ಝೋನ್ ಬದಲಾದರೆ ದಿನಾಂಕವೂ ಬದಲಾಗಬಹುದು. ಕಾಲಮ್ಮನ್ನು ಬರಿದಾಗಿ ಬಿಟ್ಟು, '2025-03-10 00:00+05:30'ಕ್ಕೆ ಸಮ ಅಥವಾ ಹೆಚ್ಚು, '2025-03-11 00:00+05:30'ಕ್ಕಿಂತ ಕಡಿಮೆ ಎಂದು ಬರೆಯಿರಿ. +05:30 ಬಿಟ್ಟಿರೋ, ಡೇಟಾಬೇಸ್ ಸೆಷನ್ ಯುಟಿಸಿಯಲ್ಲಿ (ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ) ಇದ್ದರೆ ದಿನ ಶುರುವಾಗುವುದೇ ಬೆಳಗಿನ ಐದೂವರೆಗೆ. ನಸುಕಿನಲ್ಲಿ ಇಳಿದ ಲಾಟೆಲ್ಲ ಹಿಂದಿನ ದಿನದ ಲೆಕ್ಕಕ್ಕೆ ಹೋಗುತ್ತದೆ. ಇಂಡೆಕ್ಸಿನಲ್ಲಿ ಅಂಗಡಿ ಸಂಖ್ಯೆಯ ಕಾಲಮ್ ಮೊದಲು, ಸಮಯ ಆಮೇಲೆ. ತಿರುಗಿಸಿದರೆ ಒಂದು ಅಂಗಡಿಗಾಗಿ ಆ ದಿನದ ಎಲ್ಲ ಅಂಗಡಿಗಳ ನಮೂದನ್ನೂ ದಾಟಬೇಕು.

ಅಂಗಡಿಯ ಗುಮಾಸ್ತರು ರೈತರನ್ನು ಹುಡುಕುವುದು ಮೊಬೈಲಿನ ಕೊನೆಯ ನಾಲ್ಕಂಕಿಯಿಂದ. ಮುಂದೆ ಶೇಕಡಾ ಚಿಹ್ನೆ (ಅಲ್ಲಿ ಏನಿದ್ದರೂ ಸರಿ ಎಂದರ್ಥ) ಹಾಕಿದ ಲೈಕ್ ಹುಡುಕಾಟಕ್ಕೆ ಮಾಮೂಲಿ ಇಂಡೆಕ್ಸ್ ದಕ್ಕದು. ರೈಟ್ ಫಂಕ್ಷನ್ನಿನಿಂದ ಕೊನೆಯ 4 ಅಕ್ಷರ ತೆಗೆದು ಅದಕ್ಕೇ ಇಂಡೆಕ್ಸ್ ಹಾಕಿ, ಕ್ವೆರಿಯಲ್ಲೂ ಅದೇ ರೂಪ ಬರೆದರೆ ಸಾಕು.

ವೇಗದ ದೂರಿಗಿಂತ ತಪ್ಪು ಮೊತ್ತದ ದೂರು ಭಾರ. ಒಂದು ಪಟ್ಟಿಯ ಹಣವನ್ನು ಎರಡು ಕಂತಿನಲ್ಲಿ ಕೊಟ್ಟಿದ್ದರೆ, ಲಾಟ್ ಮತ್ತು ಪಾವತಿ ಟೇಬಲ್‌ಗಳನ್ನು ನೇರ ಜಾಯಿನ್ ಮಾಡಿದಾಗ ತೂಕ ಎರಡು ಪಟ್ಟಾಗುತ್ತದೆ. ಇದಕ್ಕೆ, ಒಂದೇ ಮೌಲ್ಯವನ್ನು ಒಮ್ಮೆ ಮಾತ್ರ ಹಿಡಿಯುವ ಡಿಸ್ಟಿಂಕ್ಟ್ ಹಾಕಿ ಕೂಡಿಸುವವರಿದ್ದಾರೆ. ಆಗ ಒಂದೇ ತೂಕದ ಎರಡು ಲಾಟ್ ಒಂದಾಗಿ ರೈತನಿಗೆ ಖೋತಾ. ಪಾವತಿಯನ್ನು ಪಟ್ಟಿವಾರು ಮೊದಲೇ ಕೂಡಿಸಿ, ಲಾಟನ್ನೂ ಹಾಗೇ ಕೂಡಿಸಿ, ಆಮೇಲೆ ಜೋಡಿಸುತ್ತೇನೆ. "ಬಾಕಿ ಇರುವ ಪಟ್ಟಿ" ವರದಿ ಖಾಲಿ ಬಂದರೆ ಕ್ವೆರಿಯಲ್ಲಿ ನಾಟ್ ಇನ್ (ಇದರೊಳಗೆ ಇಲ್ಲದ್ದು) ಹುಡುಕಿ: ಒಳಗಿನ ಕ್ವೆರಿಯ ಫಲಿತಾಂಶದಲ್ಲಿ ಒಂದೇ ಒಂದು ನಲ್ (ಖಾಲಿ ಮೌಲ್ಯ) ಇದ್ದರೂ ಒಂದು ಸಾಲೂ ಬರುವುದಿಲ್ಲ. ಅದರ ಬದಲು ನಾಟ್ ಎಗ್ಸಿಸ್ಟ್ಸ್ ಬರೆಯಿರಿ.

ಹೊಸ ಇಂಡೆಕ್ಸ್ ಕಟ್ಟುವುದು ಶನಿವಾರ ರಾತ್ರಿ, ಕನ್‌ಕರೆಂಟ್ಲಿ ಹಾಕಿ. ಇಲ್ಲದಿದ್ದರೆ ಮುಗಿಯುವ ತನಕ ಟೇಬಲ್ಲಿಗೆ ಬರೆಯುವುದೆಲ್ಲ ನಿಲ್ಲುತ್ತದೆ. ಬಿಗಿನ್ ಹಾಕಿದ ಟ್ರಾನ್ಸಾಕ್ಷನ್ನಿನೊಳಗೆ ಕನ್‌ಕರೆಂಟ್ಲಿ ಓಡದು. ನಡುವೆ ಕಡಿದರೆ ಇನ್‌ವ್ಯಾಲಿಡ್ ಇಂಡೆಕ್ಸ್ ಉಳಿದು, ಓದಲು ಉಪಯೋಗವಿಲ್ಲದೆ ಬರೆಯುವಾಗ ಮಾತ್ರ ಭಾರವಾಗುತ್ತದೆ. ಅದನ್ನು ಡ್ರಾಪ್ ಮಾಡಿ (ಅಳಿಸಿ) ಮತ್ತೆ ಕಟ್ಟುವುದು ಒಳ್ಳೆಯದು.